ಆ ಬೋರ್ಡಿನ ಹಿಂದೆ ಒಂದು ಊರಿದೆ: ವೇಲ್ಸಿಗೆ ಬರುವ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ರಜೆಗೆ ಬ್ರಿಟನ್‌ಗೆ ಬರುವ ಕನ್ನಡಿಗರಿಗೆ, ಅವರನ್ನು ಬಸ್ಸಿನಲ್ಲಿ ತುಂಬಿಕೊಂಡು ತಿರುಗಿಸುವ ಟೂರ್‌ನವರಿಗೆ, ಕ್ಯಾಮೆರಾ ಹಿಡಿದು ಬರುವ ನಮ್ಮ ವ್ಲಾಗರ್ ಹುಡುಗ ಹುಡುಗಿಯರಿಗೆ,

ನಮಸ್ಕಾರ.

ನಾನು ಮ್ಯಾಂಚೆಸ್ಟರಿನಲ್ಲಿ ಇರುವವಳು. ಬೇಸಿಗೆ ಬಂತು ಅಂದರೆ ಊರಿಂದ ನೆಂಟರು ಬರುತ್ತಾರೆ. ಬಂದವರಿಗೆ ಎರಡು ಜಾಗ ಆಗಲೇಬೇಕು. ಒಂದು ಲಂಡನ್. ಇನ್ನೊಂದು "ಅದೇ, ಆ ಉದ್ದ ಹೆಸರಿನ ಊರು". ನಾನು ಆ ಊರಿಗೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕ ಬಿಟ್ಟಿದ್ದೇನೆ. ಮೊದಲ ಮೂರ್ನಾಲ್ಕು ಸಲ ನಾನೂ ನಿಮ್ಮ ಹಾಗೇ ಮಾಡಿದೆ. ಕಾರು ನಿಲ್ಲಿಸು, ರೈಲು ನಿಲ್ದಾಣದ ಬೋರ್ಡಿನ ಮುಂದೆ ನಿಲ್ಲು, ಹೆಸರನ್ನು ತಪ್ಪುತಪ್ಪಾಗಿ ಓದು, ಎಲ್ಲರೂ ನಗು, ಅಂಗಡಿಯಲ್ಲಿ ಒಂದು ಫ್ರಿಜ್ ಮ್ಯಾಗ್ನೆಟ್ ಕೊಳ್ಳು, ಹೊರಡು. ಮುಗೀತು.

ಹೋದ ವರ್ಷ ನನ್ನ ದೊಡ್ಡಪ್ಪ ದೊಡ್ಡಮ್ಮ ಒಂದು ಟೂರ್ ಗುಂಪಿನ ಜೊತೆ ಬಂದಿದ್ದರು. ಆ ದಿನ ಅವರ ಜೊತೆ ಇರಲಿ ಅಂತ ನಾನೂ ಅಲ್ಲಿಗೆ ಹೋದೆ. ಬಸ್ಸಿನವರು ಕೊಟ್ಟಿದ್ದು ಇಪ್ಪತ್ತು ನಿಮಿಷ. ಅದರಲ್ಲಿ ಒಂಬತ್ತು ನಿಮಿಷ ದೊಡ್ಡಮ್ಮ ಶೌಚಾಲಯದ ಸಾಲಿನಲ್ಲಿ ನಿಂತಿದ್ದರು. ದೊಡ್ಡಪ್ಪ ನಿವೃತ್ತ ಕನ್ನಡ ಮೇಷ್ಟ್ರು. ಅವರು ಬೋರ್ಡನ್ನು ಓದುವ ಬದಲು ಅದರ ಮುಂದೆ ನಿಂತು ಒಂದು ಪ್ರಶ್ನೆ ಕೇಳಿದರು: "ಅಲ್ಲಮ್ಮಾ, ಊರೆಲ್ಲಿ?"

ಆ ಪ್ರಶ್ನೆಗೆ ಉತ್ತರವಾಗಿ ಈ ಪತ್ರ.

ಮೊದಲು ಹೆಸರಿನ ವಿಷಯ ಮುಗಿಸಿಬಿಡೋಣ. ಇಲ್ಲದಿದ್ದರೆ ನೀವು ಮುಂದೆ ಓದುವುದಿಲ್ಲ, ನನಗೆ ಗೊತ್ತು. ಲ್ಲಾನ್‌ವೈರ್‌ಪುಲ್‌ಗ್ವಿನ್‌ಗಿಲ್‌ಗೊಗೆರಖ್ವಿರ್ನ್‌ದ್ರೊಬುಲ್‌ಲ್ಲಾನ್‌ತಿಸಿಲಿಯೊಗೊಗೊಗೋಖ್. ಇಂಗ್ಲಿಷ್ ಲೆಕ್ಕದಲ್ಲಿ 58 ಅಕ್ಷರ. ವೇಲ್ಸಿನ ಭಾಷೆಯಾದ ವೆಲ್ಷ್‌ನ ಲೆಕ್ಕದಲ್ಲಿ 51, ಯಾಕೆಂದರೆ ಅವರಲ್ಲಿ ಎರಡೆರಡು ಅಕ್ಷರ ಸೇರಿ ಒಂದೇ ಅಂತ ಎಣಿಸುವ ಪದ್ಧತಿ ಇದೆ. ಊರವರು ಯಾರೂ ಇದನ್ನು ಪೂರ್ತಿ ಹೇಳುತ್ತಾ ಕೂರುವುದಿಲ್ಲ. ಲ್ಲಾನ್‌ವೈರ್‌ಪುಲ್ ಅನ್ನುತ್ತಾರೆ, ಇಲ್ಲವೇ ಲ್ಲಾನ್‌ವೈರ್ ಪಿ.ಜಿ. ಅನ್ನುತ್ತಾರೆ. (ಬೆಂಗಳೂರಿಂದ ಬಂದ ನನ್ನ ತಮ್ಮ ಇದನ್ನು ಕೇಳಿ, ಊಟ ಸೇರಿ ತಿಂಗಳಿಗೆ ಎಷ್ಟಂತೆ ಅಂತ ಕೇಳಿದ್ದ.)

ಹೆಸರಿನ ಮೊದಲ ಭಾಗ ಮಾತ್ರ ನಿಜವಾದ ಹಳೆಯ ಹೆಸರು. ಲ್ಲಾನ್ ಅಂದರೆ ಚರ್ಚು, ಅದರ ಸುತ್ತಲಿನ ಜಾಗ. ವೈರ್ ಅಂದರೆ ಮೇರಿ. ವೇಲ್ಸಿನಲ್ಲಿ ಮೇರಿಯ ಚರ್ಚಿರುವ ಊರುಗಳು ಬೇಕಾದಷ್ಟಿವೆ. ನಮ್ಮಲ್ಲಿ ಹೊಸಹಳ್ಳಿ ಅಂದರೆ ಯಾವ ಹೊಸಹಳ್ಳಿ ಅಂತ ಕೇಳ್ತೀವಲ್ವಾ, ಹಾಗೆ. ಅದಕ್ಕೇ ಗುರುತಿಗೆ ಪುಲ್‌ಗ್ವಿನ್‌ಗಿಲ್ ಅಂತ ಸೇರಿಸಿದರು. ಪುಲ್ ಅಂದರೆ ಹೊಂಡ, ಗ್ವಿನ್ ಅಂದರೆ ಬಿಳಿ, ಗಿಲ್ ಅಂದರೆ ಹೇಜಲ್ ಗಿಡಗಳು. ಬಿಳಿ ಹೇಜಲ್ ಹೊಂಡದ ಮೇರಿಯಮ್ಮನ ಊರು. ಇಲ್ಲಿಗೆ ನಿಲ್ಲಿಸಿದ್ದರೆ ಎಷ್ಟು ಚೆನ್ನಾಗಿತ್ತು!

ನಿಲ್ಲಿಸಲಿಲ್ಲ. 1848ರಲ್ಲಿ ರೈಲು ಬಂತು. ನಿಲ್ದಾಣದ ಸುತ್ತ ಕೆಳಗಿನ ಊರು ಅಂತ ಹೊಸದಾಗಿ ಬೆಳೆಯಿತು. ಹಳೆಯ ಮನೆ, ಹೊಲಗಳ ಭಾಗ ಮೇಲಿನ ಊರಾಯಿತು. ರೈಲಿನಲ್ಲಿ ಹೋಗುವ ಜನ ಇಲ್ಲಿ ಇಳಿಯಲಿ ಅಂತ 19ನೇ ಶತಮಾನದ ನಡುವೆ ಯಾರೋ ಹೆಸರಿಗೆ ಬಾಲ ಕಟ್ಟಿದರು. ಪಕ್ಕದ ಊರಿನ ಒಬ್ಬ ದರ್ಜಿ ಕಟ್ಟಿದ ಅಂತ ಒಂದು ಕಥೆ ಇದೆ. ಆ ಬಾಲದ ಅರ್ಥ "ರಭಸದ ಸುಳಿಗೆ ಸುಮಾರು ಹತ್ತಿರ, ಕೆಂಪು ಗವಿಯ ತಿಸಿಲಿಯೊ ಸಂತನ ಚರ್ಚು". ಅಂದರೆ ನಾವು ಎರಡು ಗಂಟೆ ಕಾರು ಓಡಿಸಿ ನೋಡಲು ಹೋಗುವ ಬೋರ್ಡು ನಮ್ಮಂಥವರನ್ನು ಹಿಡಿಯಲೆಂದೇ ಹಾಕಿದ ಗಾಳ. ನೂರೈವತ್ತು ವರ್ಷವಾದರೂ ಮೀನು ಬೀಳುತ್ತಲೇ ಇದೆ. ನಾವು ಅವರ ಹೆಸರನ್ನು ನೋಡಿ ನಗುತ್ತೇವೆ. ಆ ದರ್ಜಿ ಇದ್ದಿದ್ದರೆ ಯಾರನ್ನು ನೋಡಿ ನಗುತ್ತಿದ್ದ ಹೇಳಿ.

ಈಗ ದೊಡ್ಡಪ್ಪನ ಮಾತಿಗೆ ಬರುತ್ತೇನೆ. ಟೂರ್ ಮುಗಿದ ಮೇಲೆ ಅವರು ನಮ್ಮ ಮನೆಯಲ್ಲಿ ಹತ್ತು ದಿನ ಇದ್ದರು. ಇನ್ನೊಂದು ಸಲ ಹೋಗೋಣ, ಈ ಸಲ ಊರು ನೋಡೋಣ ಅಂದರು. ಹೋಗುವ ದಾರಿಯಲ್ಲಿ ನಾನು ಹೆಸರಿನ ಅರ್ಥ ಬಿಡಿಸಿ ಹೇಳುತ್ತಿದ್ದೆ. ಮೇರಿಗೆ ವೆಲ್ಷ್‌ನಲ್ಲಿ ಮೈರ್ ಅಂತಾರೆ, ಲ್ಲಾನ್ ಜೊತೆ ಸೇರಿದಾಗ ಅದು ವೈರ್ ಆಗುತ್ತೆ ಅಂದೆ. ದೊಡ್ಡಪ್ಪ ಸೀಟಿನಲ್ಲಿ ನೆಟ್ಟಗೆ ಕೂತರು. "ಮಕಾರಕ್ಕೆ ವಕಾರ. ಮೆಲ್ ಮಾತು ಮೆಲ್ವಾತು ಆದ ಹಾಗೆ. ಮುಂದೆ ಹೇಳು." ಹೇಜಲ್ ಗಿಡಗಳಿಗೆ ಕಿಲ್ ಅಂತಾರೆ, ಗ್ವಿನ್ ಜೊತೆ ಸೇರಿ ಗಿಲ್ ಆಯಿತು ಅಂದೆ. "ಮಳೆ ಕಾಲ ಮಳೆಗಾಲ!" ಸುಳಿಗೆ ತ್ರೊಬುಲ್, ಅದರ ಹಿಂದೆ ರಭಸ ಅನ್ನುವ ಪದ ಬಂದರೆ ದ್ರೊಬುಲ್. "ಬೆಟ್ಟದಾವರೆ!" ಆ ತ್ರೊಬುಲ್ ಕೂಡ ತ್ರೊ ಮತ್ತು ಪುಲ್ ಸೇರಿ ಆದದ್ದು, ಪುಲ್ ಹೋಗಿ ಬುಲ್ ಆಗಿದೆ. "ಕಂಬನಿ!" ಅಂತ ಕೂಗಿದರು. ನಾನು ಬ್ರೇಕ್ ಹಾಕುವುದೊಂದು ಬಾಕಿ.

ಕ ತ ಪ ಗಳಿಗೆ ಗ ದ ಬ. ನಾವೆಲ್ಲ ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ಆದೇಶ ಸಂಧಿ. ಕನ್ನಡಕ್ಕೂ ವೆಲ್ಷ್‌ಗೂ ಯಾವ ನೆಂಟಸ್ತನವೂ ಇಲ್ಲ. ಅವರಲ್ಲಿ ಇದು ಯಾವಾಗ ಬರುತ್ತೆ ಅನ್ನುವ ನಿಯಮಗಳು ಬೇರೆ, ನಮ್ಮದಕ್ಕಿಂತ ಜಾಸ್ತಿ ತೊಡಕು. ಆದರೆ ನಾಲಿಗೆ ಮಾಡುವ ಕೆಲಸ ಒಂದೇ. ತಮಾಷೆಗೆ ಕಟ್ಟಿದ ಹೆಸರಾದರೂ ಅದರಲ್ಲಿ ಇಷ್ಟೊಂದು ಸಂಧಿ ಇದೆ. ಆ ಹೆಸರು ಓದಲು ಇಂಗ್ಲಿಷರಿಗಿಂತ ನಮಗೆ ಸುಲಭ ಆಗಬೇಕು. ಇನ್ನು ಲ್ಲಾನ್‌ನ ಆ ಲ್ಲ ನಮ್ಮ ಲಿಪಿಯಲ್ಲಿ ಸಿಗುವುದಿಲ್ಲ. ಲ ಹೇಳುವ ಹಾಗೆ ನಾಲಿಗೆ ಇಟ್ಟು, ದನಿ ಬಿಟ್ಟು, ಬರೀ ಉಸಿರನ್ನು ಪಕ್ಕದಿಂದ ಹೊರಗೆ ಬಿಡಿ. ಬಂತಾ? ಬರದಿದ್ದರೂ ಪರವಾಗಿಲ್ಲ, ಪ್ರಯತ್ನ ಮಾಡಿದ್ದು ಅವರಿಗೆ ಗೊತ್ತಾಗುತ್ತೆ. ಬೇಳೆಯನ್ನು ಬೇಲೆ ಅಂದವರನ್ನು ನೋಡಿ ನಮಗೆ ಎಷ್ಟು ಕಸಿವಿಸಿ ಆಗುತ್ತೆ, ನೆನಪಿಸಿಕೊಳ್ಳಿ. ಈ ಊರಿನಲ್ಲಿ ಸುಮಾರು ಮೂರು ಸಾವಿರ ಜನ ಇದ್ದಾರೆ. ಅವರಲ್ಲಿ ಹೆಚ್ಚಿನವರಿಗೆ ವೆಲ್ಷ್ ಬರುತ್ತೆ. ಅಂಗಡಿಯಲ್ಲಿ, ಬಸ್ ಸ್ಟಾಪಿನಲ್ಲಿ ನಿಮ್ಮ ಕಿವಿಗೆ ಬೀಳುವುದು ಅದೇ. ಬೋರ್ಡಿನ ಮುಂದೆ ನಿಂತು ಅವರ ಮಾತನ್ನು ಗಂಟಲು ಕೆರೆಯುವ ಸದ್ದು ಮಾಡಿ ಅಣಕಿಸುವ ವೀಡಿಯೊಗಳನ್ನು ದಯವಿಟ್ಟು ನಿಲ್ಲಿಸಿ. ಹಿಂದೆ ಹಾದುಹೋಗುವ ಅಜ್ಜಿ ನಗುತ್ತಿಲ್ಲ, ನೀವು ಗಮನಿಸಿಲ್ಲ ಅಷ್ಟೆ.

ಈ ಊರಿಗೂ ವ್ಯಾಕರಣಕ್ಕೂ ಇನ್ನೊಂದು ನಂಟಿದೆ. ಸರ್ ಜಾನ್ ಮಾರಿಸ್ ಜೋನ್ಸ್ ಬೆಳೆದದ್ದು ಇಲ್ಲಿ. ಅವರ ಅಪ್ಪ ಇಲ್ಲಿ ಅಂಗಡಿ ಇಟ್ಟುಕೊಂಡಿದ್ದರು. ಹುಡುಗ ಆಕ್ಸ್‌ಫರ್ಡಿಗೆ ಹೋಗಿದ್ದು ಗಣಿತ ಓದಲು, ಮರಳಿ ಬಂದದ್ದು ವೆಲ್ಷ್ ಹುಚ್ಚು ಹಿಡಿಸಿಕೊಂಡು. ಬ್ಯಾಂಗರ್ ಕಾಲೇಜಿನಲ್ಲಿ ವೆಲ್ಷ್ ಪ್ರೊಫೆಸರ್ ಆದರು. ಇವತ್ತು ವೆಲ್ಷ್ ಬರೆಯುವ ಕಾಗುಣಿತ ಒಂದು ಹದಕ್ಕೆ ಬಂದಿದ್ದರಲ್ಲಿ ಅವರ ಪಾಲು ದೊಡ್ಡದು. 1913ರಲ್ಲಿ ದೊಡ್ಡದೊಂದು ವ್ಯಾಕರಣ ಬರೆದರು. ನನಗೆ ಇಷ್ಟವಾದ ಸಂಗತಿ ಬೇರೆ. ವೇಲ್ಸಿನ ಕವಿಗಳ ಹಬ್ಬದಲ್ಲಿ ನಡೆಯುವ ಡ್ರೂಯಿಡ್ (ಪ್ರಾಚೀನ ಕಾಲದ ಪುರೋಹಿತರು) ವೇಷದ ಆಚರಣೆ ಪುರಾತನದ್ದು ಅಂತ ಎಲ್ಲರೂ ನಂಬಿದ್ದ ಕಾಲದಲ್ಲಿ, ಅದು ಅಷ್ಟೇನೂ ಹಳೆಯದಲ್ಲ, ಇತ್ತೀಚೆಗೆ ಕಟ್ಟಿದ್ದು ಅಂತ 1896ರಲ್ಲಿ ನೇರವಾಗಿ ಬರೆದರು. ಜನಕ್ಕೆ ಸಿಟ್ಟು ಬಂತು. ಅಂಥ ಮನುಷ್ಯ ಜೀವಮಾನದ ಬಹುಪಾಲು ಇದ್ದದ್ದು ಮಾತ್ರ, ಹೆಸರಿಗೆ ಸುಳ್ಳು ಬಾಲ ಕಟ್ಟಿಕೊಂಡ ಊರಿನಲ್ಲಿ! 1929ರಲ್ಲಿ ತೀರಿಕೊಂಡರು. ಇಲ್ಲಿನ ಚರ್ಚಿನ ಅಂಗಳದಲ್ಲೇ ಅವರ ಸಮಾಧಿ ಇದೆ. ದೊಡ್ಡಪ್ಪ ಅಲ್ಲಿ ಚಪ್ಪಲಿ ಬಿಟ್ಟು ನಿಂತರು. ಇವರು ಇಲ್ಲಿಯ ಕೇಶಿರಾಜ ಅಂದರು. ಇರಬಹುದು.

ಸಮಾಧಿಗೆ ಹೋಗುವ ಮೊದಲು ನಡೆಯಬೇಕು, ಅದನ್ನು ಹೇಳಿಬಿಡುತ್ತೇನೆ. ನಿಲ್ದಾಣದಿಂದ ಮುಖ್ಯರಸ್ತೆ ಹಿಡಿದು ಪೂರ್ವಕ್ಕೆ ಹೊರಡಿ. ಲಂಡನ್ನಿಂದ ಹೋಲಿಹೆಡ್ ಬಂದರಿಗೆ, ಅಲ್ಲಿಂದ ಐರ್ಲೆಂಡಿಗೆ ಹೋಗುವವರಿಗಾಗಿ ಎಂಜಿನಿಯರ್ ಥಾಮಸ್ ಟೆಲ್‌ಫರ್ಡ್ ಮಾಡಿಸಿದ ರಸ್ತೆ ಇದು. ರಸ್ತೆ ಪಕ್ಕದಲ್ಲಿ ಪುಟ್ಟ ಗೋಪುರದ ಹಾಗಿರುವ ಒಂದು ಬಿಳಿ ಮನೆ ಸಿಗುತ್ತದೆ. ಅದು ಟೋಲ್ ಕಟ್ಟೆ. ಕುದುರೆಗೆ ಇಷ್ಟು, ಕುರಿಮಂದೆಗೆ ಇಷ್ಟು ಅಂತ ದರಪಟ್ಟಿ ಹಾಕಿ 1895ರವರೆಗೂ ಇಲ್ಲಿ ದುಡ್ಡು ವಸೂಲಿ ಮಾಡುತ್ತಿದ್ದರು. ಫಾಸ್ಟ್ಯಾಗ್ ಇಲ್ಲದ ಕಾಲ.

ಅದರ ಪಕ್ಕದ ಸಾಧಾರಣ ಕಟ್ಟಡವನ್ನು ಯಾರೂ ನೋಡುವುದಿಲ್ಲ. ನಮ್ಮ ಕಡೆಯ ಹೆಂಗಸರು ನೋಡಬೇಕು. ಬ್ರಿಟನ್ನಿನ ಹಳ್ಳಿ ಹಳ್ಳಿಯಲ್ಲೂ ಇರುವ ಮಹಿಳಾ ಸಂಘಗಳಲ್ಲಿ ಮೊಟ್ಟಮೊದಲನೆಯದು ಶುರುವಾಗಿದ್ದು 1915ರ ಸೆಪ್ಟೆಂಬರಿನಲ್ಲಿ, ಇದೇ ಊರಿನಲ್ಲಿ. ಈ ಯೋಚನೆ ಬ್ರಿಟನ್ನಿನದ್ದಲ್ಲ. 1897ರಲ್ಲಿ ಕೆನಡಾದ ಸ್ಟೋನಿ ಕ್ರೀಕ್‌ನಲ್ಲಿ ರೈತರ ಮನೆಯ ಹೆಂಗಸರು ಕಟ್ಟಿದ ಸಂಘದ ಮಾದರಿ. ಮ್ಯಾಜ್ ವಾಟ್ ಅನ್ನುವ ಮಹಿಳೆ ಅದನ್ನು ಇಲ್ಲಿಗೆ ತಂದರು. ಆಗ ಮೊದಲ ಮಹಾಯುದ್ಧ ನಡೆಯುತ್ತಿತ್ತು, ಗಂಡಸರು ಯುದ್ಧಕ್ಕೆ ಹೋಗಿದ್ದರು, ಊಟಕ್ಕೆ ಬೆಳೆದುಕೊಳ್ಳುವ ಕೆಲಸ ಹೆಂಗಸರ ಮೇಲೆ ಬಿದ್ದಿತ್ತು. ನಮ್ಮೂರಿನ ಸ್ತ್ರೀಶಕ್ತಿ ಸಂಘದಲ್ಲಿ ಹದಿನೈದು ವರ್ಷ ಲೆಕ್ಕ ಬರೆದ ದೊಡ್ಡಮ್ಮ ಈ ಬಾಗಿಲ ಮುಂದೆ ತೆಗೆಸಿಕೊಂಡ ಫೋಟೋವನ್ನು ಮನೆಯ ಹಾಲಿನಲ್ಲಿ ಹಾಕಿದ್ದಾರೆ. ಬೋರ್ಡಿನ ಫೋಟೋ ಫೋನಿನಲ್ಲೇ ಇದೆ.

ಇನ್ನೂ ಮುಂದೆ ಹೋದರೆ ಗುಡ್ಡದ ಮೇಲೆ ಒಂದು ಎತ್ತರದ ಕಂಬ. 27 ಮೀಟರ್. ಇಲ್ಲಿನ ಜಮೀನ್ದಾರ, ಆ್ಯಂಗ್ಲ್‌ಸೀಯ (ಈ ಊರಿರುವ ದ್ವೀಪ) ಮೊದಲ ಮಾರ್ಕ್ವಿಸ್ (ಅದೊಂದು ಬಿರುದು) ಹೆನ್ರಿ ಪ್ಯಾಜೆಟ್, 1815ರಲ್ಲಿ ವಾಟರ್ಲೂ ಯುದ್ಧದಲ್ಲಿ ಒಂದು ಕಾಲು ಕಳೆದುಕೊಂಡ. ಎರಡು ವರ್ಷದಲ್ಲಿ ಕಂಬ ಎದ್ದಿತು. ಮೇಲಿನ ಪ್ರತಿಮೆ ಕೂರಿಸಿದ್ದು 1860ರಲ್ಲಿ. ಕಾಲು ಹೋದವನಿಗೆ ಪೂರ್ತಿ ಊರಿಗೇ ಕಾಣುವ ಕಂಬ. 1801ರ ಜನಗಣತಿಯಲ್ಲಿ ಈ ಊರಿನ ಜನಸಂಖ್ಯೆ 385, ಆ 385 ಜನರಿಗೆ ಏನೂ ಇಲ್ಲ. ಇದು ನನ್ನ ಗೊಣಗಾಟ, ಬಿಡಿ. ಆದರೆ ಕಂಬ ನೋಡುವಾಗ ಕತ್ತು ಬಗ್ಗಿಸಿ ಕೆಳಗೂ ನೋಡಿ. ಕಂಬ ನಿಂತಿರುವ ಬಂಡೆ ನೀಲಿ ಛಾಯೆಯದು. ಅದರ ಹೆಸರು ಬ್ಲೂಶಿಸ್ಟ್. ಸುಮಾರು 55 ಕೋಟಿ ವರ್ಷಗಳ ಹಿಂದೆ ಸಮುದ್ರದ ತಳ ಇನ್ನೊಂದು ಭೂಫಲಕದ ಅಡಿಗೆ ಜಾರಿ, ಆಳದ ಒತ್ತಡಕ್ಕೆ ಸಿಕ್ಕಿ ಹೀಗಾಯಿತು. ಇಂಥ ಕಲ್ಲುಗಳಲ್ಲಿ ಪ್ರಪಂಚದ ತೀರಾ ಹಳೆಯವುಗಳ ಸಾಲಿಗೆ ಇದು ಸೇರುತ್ತದೆ. ಭೂವಿಜ್ಞಾನ ಓದುವವರು ದೂರದೂರದಿಂದ ಬಂದು ಈ ಬಂಡೆಯ ಮುಂದೆ ಮಂಡಿಯೂರುತ್ತಾರೆ. ಆ್ಯಂಗ್ಲ್‌ಸೀ ದ್ವೀಪ ಪೂರ್ತಿ ಯುನೆಸ್ಕೋದ ಜಿಯೋಪಾರ್ಕ್ ಪಟ್ಟಿಯಲ್ಲಿ ಇರುವುದು ಇಂಥ ಕಲ್ಲುಗಳಿಂದಲೇ.

ಕಂಬದಿಂದ ಇಳಿದು, ಮುಖ್ಯರಸ್ತೆ ದಾಟಿ, ಓಣಿಯಲ್ಲಿ ಕೆಳಗೆ ನಡೆದರೆ ಸೇಂಟ್ ಮೇರಿ ಚರ್ಚು. ಹೆಸರಿನಲ್ಲಿರುವ ಲ್ಲಾನ್ ಇದೇ, ವೈರ್ ಇವಳೇ. ಊರಿಂದ ದೂರ, ನೀರಿಗೆ ಹತ್ತಿರ, ಮರಗಳ ನಡುವೆ. ಈಗಿನ ಕಟ್ಟಡ 1853ರದ್ದು. ಮಧ್ಯಯುಗದ ಹಳೆಯ ಚರ್ಚನ್ನು ಕೆಡವಿ ಕಟ್ಟಿದ್ದು. ಕೆಡವಬಾರದಿತ್ತು ಅಂತ ನನಗೆ ಪ್ರತಿ ಸಲವೂ ಅನ್ನಿಸುತ್ತೆ. ಅಂಗಳದಲ್ಲಿ ಒಂದು ಕಲ್ಲಿನ ಸ್ಮಾರಕ ಇದೆ. ಪಕ್ಕದ ಬ್ರಿಟಾನಿಯಾ ಸೇತುವೆ ಕಟ್ಟುವಾಗ ಸತ್ತ ಕೂಲಿಗಳದ್ದು.

ಆ ಸೇತುವೆಯ ಕಥೆ ಹೇಳದೆ ಇರಲಾರೆ. ಆ್ಯಂಗ್ಲ್‌ಸೀ ದ್ವೀಪಕ್ಕೂ ವೇಲ್ಸಿನ ನೆಲಕ್ಕೂ ನಡುವೆ ಮೆನಾಯ್ ಜಲಸಂಧಿ. ಸಮುದ್ರವೇ, ಆದರೆ ಹೊಳೆಯಷ್ಟು ಅಗಲ. ಮೊದಲು ದೋಣಿಯಲ್ಲಿ ದಾಟಬೇಕಿತ್ತು. ದನಗಳನ್ನು ಈಜಿಸಿಕೊಂಡು ಆಚೆ ಸಂತೆಗೆ ಹೊಡೆಯುತ್ತಿದ್ದರು. 1826ರಲ್ಲಿ ಟೆಲ್‌ಫರ್ಡ್ ತೂಗುಸೇತುವೆ ಕಟ್ಟಿದ. ಹಡಗುಗಳ ಪಟಸ್ತಂಭ ತಾಗಬಾರದು ಅಂತ ನೀರಿನಿಂದ ನೂರು ಅಡಿ ಎತ್ತರಕ್ಕೆ. ರೈಲಿನ ಭಾರಕ್ಕೆ ಅದು ಸಾಲದು. ರಾಬರ್ಟ್ ಸ್ಟೀಫನ್ಸನ್ ಬೇರೆ ಉಪಾಯ ಮಾಡಿದ. ಕಬ್ಬಿಣದ ಭಾರೀ ಕೊಳವೆ ಮಾಡಿ, ಅದರ ಒಳಗೇ ರೈಲು ಓಡಿಸುವುದು. 460 ಅಡಿ ಉದ್ದದ ಕೊಳವೆಗಳನ್ನು ದಡದಲ್ಲಿ ಮಾಡಿ, ತೆಪ್ಪಗಳ ಮೇಲೆ ಇಟ್ಟು, ಉಬ್ಬರದ ನೀರಿನಲ್ಲಿ ತೇಲಿಸಿ ತಂದು, ಜಲಒತ್ತಡದ ಜ್ಯಾಕ್ ಹಾಕಿ ಮೇಲೆತ್ತಿದರು. 1850ರಲ್ಲಿ ಸೇತುವೆಯೊಳಗೆ ರೈಲು ಓಡಿತು; ಅಲ್ಲಿಯವರೆಗೆ ಊರಿನ ರೈಲು ದ್ವೀಪದೊಳಗೆ ಮಾತ್ರ. ಎರಡೂ ತುದಿಗೆ ಎರಡೆರಡು ಕಲ್ಲಿನ ಸಿಂಹ ಕೂತಿವೆ. ಈಗ ಮೇಲಿನ ರಸ್ತೆಯಲ್ಲಿ ಕಾರಿನಲ್ಲಿ ಹೋಗುವವರಿಗೆ ಅವು ಕಾಣುವುದೇ ಇಲ್ಲ.

1970ರ ಮೇ 23ರ ಸಂಜೆ ಕೆಲವು ಹುಡುಗರು ಬಾವಲಿ ಹುಡುಕಿಕೊಂಡು ಕೊಳವೆಯೊಳಗೆ ಹೋದರು. ಕೈಯಲ್ಲಿದ್ದ ಪಂಜು ಬಿತ್ತು. ಟಾರು ಬಳಿದ ಛಾವಣಿಗೆ ಬೆಂಕಿ ಹತ್ತಿತು. ನೂರಿಪ್ಪತ್ತು ವರ್ಷ ನಿಂತ ಸೇತುವೆ ಒಂದು ರಾತ್ರಿಯಲ್ಲಿ ಹಾಳಾಯಿತು. ಆಮೇಲೆ ಕೊಳವೆ ತೆಗೆದು ಉಕ್ಕಿನ ಕಮಾನು ಹಾಕಿದರು. 1980ರಲ್ಲಿ ಅದರ ಮೇಲೊಂದು ರಸ್ತೆಯೂ ಬಂತು. ಇದರಲ್ಲಿ ಒಂದು ತಮಾಷೆ ಇದೆ. ನೀವು ಫೋಟೋ ತೆಗೆಯುವ ಆ ನಿಲ್ದಾಣವನ್ನು 1966ರಲ್ಲೇ ಮುಚ್ಚಿದ್ದರು. ಸೇತುವೆ ಸುಟ್ಟು ದ್ವೀಪದ ರೈಲು ಮುಂದೆ ಹೋಗಲಾರದೆ ನಿಂತಾಗ ಇದನ್ನೇ ಕೊನೆಯ ನಿಲ್ದಾಣ ಮಾಡಿ ಮತ್ತೆ ತೆರೆದರು. ಸೇತುವೆ ಸರಿಹೋದ ಮೇಲೆ 1972ರಲ್ಲಿ ಮತ್ತೆ ಮುಚ್ಚಿದರು. 1973ರಲ್ಲಿ ಮತ್ತೆ ತೆರೆದರು. ಅಷ್ಟು ಉದ್ದದ ಹೆಸರಿನ ನಿಲ್ದಾಣದ ಪ್ಲಾಟ್‌ಫಾರಂ ಮಾತ್ರ ಮೋಟು.

ಚರ್ಚಿನ ಕೆಳಗೆ ದಡಕ್ಕೆ ಇಳಿಯಿರಿ. ಬ್ರಿಟನ್ನಿನ ನೌಕಾನಾಯಕ ನೆಲ್ಸನ್‌ನ ಪ್ರತಿಮೆಯೊಂದು ಒಂಟಿಯಾಗಿ ನೀರನ್ನು ನೋಡುತ್ತಾ ನಿಂತಿದೆ. ಕಾಲು ಕಳೆದುಕೊಂಡನಲ್ಲ ಮಾರ್ಕ್ವಿಸ್, ಅವನ ಮಗ ನೌಕಾಪಡೆಯ ಅಡ್ಮಿರಲ್. ಹಡಗಿನವರಿಗೆ ಗುರುತಾಗಲಿ ಅಂತ 1873ರಲ್ಲಿ ನಿಲ್ಲಿಸಿದ. ಗುರುತು ಬೇಕೇಬೇಕಿತ್ತು. ಜಲಸಂಧಿಗೆ ಎರಡು ಬಾಯಿ. ಉಬ್ಬರ ಎರಡೂ ಕಡೆಯಿಂದ ನುಗ್ಗುತ್ತದೆ, ಬೇರೆ ಬೇರೆ ಹೊತ್ತಿಗೆ. ಎರಡು ಸೇತುವೆಗಳ ನಡುವಿನ ಬಂಡೆಗಳಲ್ಲಿ ನೀರು ಸಿಕ್ಕಿಕೊಂಡು ತಿರುಗುತ್ತದೆ. ಹೆಸರಿನಲ್ಲಿರುವ "ರಭಸದ ಸುಳಿ" ಇದೇ. ಅಂದರೆ ಬಾಲ ಕಟ್ಟಿದವನು ಪೂರ್ತಿ ಸುಳ್ಳು ಹೇಳಿರಲಿಲ್ಲ. 1953ರ ಏಪ್ರಿಲ್‌ನಲ್ಲಿ ಕಾನ್ವೇ ಅನ್ನುವ ಹಳೆಯ ಮರದ ತರಬೇತಿ ಹಡಗನ್ನು ರಿಪೇರಿಗೆ ಎಳೆದುಕೊಂಡು ಹೋಗುವಾಗ ಇದೇ ನೀರು ಅದನ್ನು ಬಂಡೆಗೆ ಹತ್ತಿಸಿಬಿಟ್ಟಿತು. ಆ ಸುಳಿಗಳ ನಡುವೆ ಒಂದು ಪುಟ್ಟ ನಡುಗಡ್ಡೆ, ಅದರ ಮೇಲೆ ಬಿಳಿ ಮನೆ. ಸುತ್ತ ಕಲ್ಲಿನ ಗೋಡೆಗಳು. ಉಬ್ಬರದಲ್ಲಿ ಬಂದ ಮೀನು ಇಳಿತದಲ್ಲಿ ಗೋಡೆಯೊಳಗೆ ಉಳಿಯುವ ಹಾಗೆ ಹಿಂದಿನವರು ಕಟ್ಟಿದ್ದು. ಎದುರಿಗೆ ಎರಿರಿ ಬೆಟ್ಟಗಳು, ಇಂಗ್ಲಿಷಿನವರ ಸ್ನೋಡೋನಿಯಾ. ಕ್ರಿ.ಶ. 60ರ ಸುಮಾರಿಗೆ ರೋಮನ್ ಸೈನಿಕರು ಇದೇ ಜಲಸಂಧಿ ದಾಟಿ ಬಂದರು. ಕಾಲಾಳುಗಳು ಚಪ್ಪಟೆ ತಳದ ದೋಣಿಗಳಲ್ಲಿ, ಕುದುರೆಯವರು ಈಜಿಕೊಂಡು. ಈಚೆ ದಡದಲ್ಲಿ ಡ್ರೂಯಿಡ್ ಪುರೋಹಿತರು ಕೈ ಎತ್ತಿ ಶಪಿಸುತ್ತಿದ್ದರಂತೆ. ಪಂಜು ಹಿಡಿದ ಹೆಂಗಸರನ್ನು ನೋಡಿ ಸೈನಿಕರು ಒಂದು ಕ್ಷಣ ಮರಗಟ್ಟಿ ನಿಂತರಂತೆ. ಗೆದ್ದವರ ಕಡೆಯ ರೋಮನ್ ಇತಿಹಾಸಕಾರ ಟ್ಯಾಸಿಟಸ್ ಬರೆದದ್ದು, ಸ್ವಲ್ಪ ಉಪ್ಪು ಖಾರ ಹಾಕಿರಬಹುದು.

ಟೂರ್‌ನವರೇ, ಈಗ ನಿಮಗೆ ನೇರವಾಗಿ. ನಿಮ್ಮ ಕಷ್ಟ ನನಗೆ ಅರ್ಥವಾಗುತ್ತೆ. ಎಂಟು ದಿನದಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಮೂರೂ ತೋರಿಸಬೇಕು, ಸಂಜೆ ಏಳಕ್ಕೆ ಅನ್ನ ಸಾರು ಸಿಗುವ ಹೋಟೆಲ್ ಮುಟ್ಟಬೇಕು. ಆದರೂ ಇಪ್ಪತ್ತು ನಿಮಿಷವನ್ನು ಮೂರು ಗಂಟೆ ಮಾಡಿ. ಆಗದಿದ್ದರೆ ಒಂದೂವರೆ ಗಂಟೆ. ಬಸ್ಸನ್ನು ಅಂಗಡಿಯ ಬಳಿಯೇ ನಿಲ್ಲಿಸಿ, ಅವರ ವ್ಯಾಪಾರವೂ ನಡೆಯಲಿ. ನಡೆಯಲು ಆಗುವವರನ್ನು ಟೋಲ್ ಕಟ್ಟೆ, ಕಂಬ, ಚರ್ಚು ಅಂತ ಕರೆದುಕೊಂಡು ಹೋಗಿ. ಆಗದವರಿಗೆ ಎರಡು ಸೇತುವೆಗಳ ನಡುವೆ ಮುಖ್ಯರಸ್ತೆಯಲ್ಲೇ ಬಸ್ ನಿಲ್ಲುವ ಜಾಗ ಇದೆ. ಕೂತಲ್ಲಿಂದಲೇ ಸುಳಿ, ನಡುಗಡ್ಡೆ, ಬೆಟ್ಟ ಎಲ್ಲ ಕಾಣುತ್ತೆ. ಹೊರಡುವ ಮೊದಲು ಆ ದಿನದ ಉಬ್ಬರ ಇಳಿತದ ಸಮಯ ನೋಡಿಕೊಳ್ಳಿ. ನೀರು ಸುಮ್ನೆ ಇರುವ ಹೊತ್ತಿಗೆ ಹೋದರೆ ಕೆರೆ ನೋಡಿದ ಹಾಗಿರುತ್ತೆ.

ವ್ಲಾಗರ್‌ಗಳೇ, ಬೋರ್ಡಿನ ವೀಡಿಯೊ ಸಾವಿರ ಇವೆ. ಆದೇಶ ಸಂಧಿಯ ವೀಡಿಯೊ ಕನ್ನಡದಲ್ಲಿ ಒಂದೂ ನನ್ನ ಕಣ್ಣಿಗೆ ಬಿದ್ದಿಲ್ಲ. ದೊಡ್ಡಪ್ಪ ಮಾಡಲು ತಯಾರಿದ್ದಾರೆ. ಅವರಿಗೆ ಕ್ಯಾಮೆರಾ ಹಿಡಿಯುವವರು ಬೇಕು, ಅಷ್ಟೆ.

ನೆಂಟರೇ, ನಿಮಗೆ ಬೇರೆ ಹೇಳುವುದಿಲ್ಲ. ಈ ಬೇಸಿಗೆಯೂ ಕರೆದುಕೊಂಡು ಹೋಗುತ್ತೇನೆ. ಬೋರ್ಡಿನ ಮುಂದೆ ಐದು ನಿಮಿಷ ಕೊಡುತ್ತೇನೆ. ಚಪ್ಪಲಿ ಬೇಡ, ಶೂ ಹಾಕಿಕೊಂಡು ಬನ್ನಿ. ಚರ್ಚಿನಿಂದ ದಡಕ್ಕೆ ಇಳಿಯುವ ದಾರಿ ಕೆಸರು.

ಇಂತಿ,
ಮ್ಯಾಂಚೆಸ್ಟರಿನಿಂದ ನಿಮ್ಮವಳೊಬ್ಬಳು